ಗ್ರಾಹಕರ ದೂರು, ನಿಮ್ಮ ವರದಿ: ಇಶ್ಯೂ ಟ್ರ್ಯಾಕರ್ ಆರಿಸುವ ಮೊದಲು

ಇಶ್ಯೂ ಟ್ರ್ಯಾಕರ್ ಅಂದರೆ ಬಗ್ (ಸಾಫ್ಟ್‌ವೇರ್‌ನ ದೋಷ), ದೂರು, ಬೇಡಿಕೆಗಳನ್ನು ಒಂದೊಂದು ಇಶ್ಯೂ ಅಂತ ಬರೆದಿಟ್ಟು, ಮುಗಿಯುವವರೆಗೆ ಗಮನಿಸುವ ಟೂಲ್. ಅದನ್ನು ಆರಿಸುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಬೋರ್ಡ್ ಮೇಲೆ, ಅಂದರೆ ಇಶ್ಯೂಗಳನ್ನು ಕಾರ್ಡ್‌ಗಳಾಗಿ ಜೋಡಿಸಿ ತೋರಿಸುವ ಪರದೆ ಮೇಲೆ. ಕಾರ್ಡ್ ಎಳೆಯೋದು ಸಲೀಸಾಗಿದೆಯಾ, ಮೊಬೈಲ್ ಆ್ಯಪ್ ಇದೆಯಾ, ನೋಡೋಕೆ ಚೆನ್ನಾಗಿದೆಯಾ. ಇದೆಲ್ಲ ಈಗ ಹೆಚ್ಚುಕಮ್ಮಿ ಎಲ್ಲ ಟೂಲ್‌ಗಳಲ್ಲೂ ಇದೆ. ನಿಜವಾದ ವ್ಯತ್ಯಾಸ ಗೊತ್ತಾಗುವುದು ಕೆಲವು ತಿಂಗಳಾದ ಮೇಲೆ, ಮೀಟಿಂಗ್‌ನಲ್ಲಿ ಯಾರೋ ಹೀಗೆ ಕೇಳಿದಾಗ: "ಈ ಬಗ್‌ನಿಂದ ಎಷ್ಟು ಗ್ರಾಹಕರಿಗೆ ತೊಂದರೆ ಆಯ್ತು? ಸರಿ ಮಾಡಿದ ಮೇಲೆ ಅವರಿಗೆಲ್ಲ ತಿಳಿಸಿದ್ದೀವಾ?"

ಎರಡೇ ಪ್ರಶ್ನೆ. ಆದರೆ ಎಷ್ಟೋ ತಂಡಗಳಲ್ಲಿ ಇದಕ್ಕೆ ಉತ್ತರ ಹುಡುಕಲು ಒಬ್ಬರು ಅರ್ಧ ದಿನ ಎಕ್ಸೆಲ್ ಮುಂದೆ ಕೂರಬೇಕಾಗುತ್ತದೆ.

ಟೂಲ್ ಮಾರುವವರು ಗ್ರಾಹಕರ ಅಭಿಪ್ರಾಯವನ್ನು ಒಂದು ಸಾಲಿನಲ್ಲಿ, ಕಸ್ಟಮ್ ವರದಿಯನ್ನು ಇನ್ನೊಂದು ಸಾಲಿನಲ್ಲಿ ತೋರಿಸಿ, ಎರಡಕ್ಕೂ ಹಸಿರು ಟಿಕ್ ಹಾಕುತ್ತಾರೆ. ನನ್ನ ಪ್ರಕಾರ ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದೇ ತಪ್ಪು. ಗ್ರಾಹಕ ಹೇಳಿದ ಮಾತು ಕೊನೆಯವರೆಗೂ ಇಶ್ಯೂಗೆ ಅಂಟಿಕೊಂಡಿದ್ದರೆ ಮಾತ್ರ ಅದು ವರದಿಯಲ್ಲಿ ಕಾಣುತ್ತದೆ. ನಡುವೆ ಎಲ್ಲೋ ಕಳಚಿ ಬಿದ್ದರೆ ನೀವು ಎಷ್ಟೇ ಚಂದದ ಚಾರ್ಟ್ ಹಾಕಿದರೂ ಅದು ಡೆವಲಪರ್‌ಗಳ ಕೆಲಸದ ವರದಿ ಅಷ್ಟೇ. ಕೆಳಗಿನ ಹೋಲಿಕೆಯಲ್ಲಿ ನಾನು ಮುಖ್ಯವಾಗಿ ನೋಡಿರುವುದು ಈ ಒಂದು ಅಂಶವನ್ನು.

ಮೂರು ದೂರು, ಒಂದು ಬಗ್

ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಇದೆ ಅಂದುಕೊಳ್ಳಿ. ಒಂದೇ ವಾರದಲ್ಲಿ ಮೂವರು ಗ್ರಾಹಕರು ಬರೆಯುತ್ತಾರೆ. ಮೊದಲನೆಯವರು: "ಡೌನ್‌ಲೋಡ್ ಬಟನ್ ಒತ್ತಿದರೆ ಏನೂ ಆಗ್ತಿಲ್ಲ." ಎರಡನೆಯವರು: "ಪಿಡಿಎಫ್ ಬರುತ್ತೆ, ಆದರೆ ಖಾಲಿ." ಮೂರನೆಯವರು: "ತಿಂಗಳ ಕೊನೆಗೆ ಮಾತ್ರ ಹೀಗಾಗುತ್ತೆ, ಬೇರೆ ದಿನ ಸರಿ ಇರುತ್ತೆ." ಡೆವಲಪರ್ ನೋಡುತ್ತಾರೆ. ಮೂರೂ ಒಂದೇ. ತಿಂಗಳ ಕೊನೆಗೆ ಎಲ್ಲರೂ ಒಟ್ಟಿಗೆ ಬಿಲ್ ತೆಗೆಯುವಾಗ ಸರ್ವರ್ ಮೇಲೆ ಹೊರೆ ಜಾಸ್ತಿಯಾಗಿ, ಪಿಡಿಎಫ್ ತಯಾರಾಗುವ ಮೊದಲೇ ಟೈಮ್‌ಔಟ್ (ಕಾಯುವ ಸಮಯ ಮುಗಿದು ಕೆಲಸ ನಿಲ್ಲುವುದು) ಆಗುತ್ತಿದೆ. ಅವರು "ಪಿಡಿಎಫ್ ಸರ್ವಿಸ್ ಟೈಮ್‌ಔಟ್" ಅಂತ ಒಂದು ಇಶ್ಯೂ ತೆರೆಯುತ್ತಾರೆ.

ಈಗ ಆ ಮೂರು ದೂರುಗಳು ಏನಾಗುತ್ತವೆ ಅನ್ನುವುದರಲ್ಲೇ ಇರುವುದು ಟೂಲ್‌ಗಳ ನಡುವಿನ ವ್ಯತ್ಯಾಸ.

ಕೆಲವು ಕಡೆ ಮೂರನ್ನೂ "ಡೂಪ್ಲಿಕೇಟ್" ಅಂತ ಮುಚ್ಚುತ್ತಾರೆ. ಆ ವಾರದ ವರದಿ ತೆಗೆದರೆ ಮೂರು ಇಶ್ಯೂ ಮುಗಿದಿವೆ! ಗ್ರಾಹಕರಿಗೆ "ನಿಮ್ಮ ದೂರು ಮುಚ್ಚಲಾಗಿದೆ" ಅಂತ ಮೇಲ್ ಕೂಡ ಹೋಗಿದೆ. ಬಿಲ್ ಮಾತ್ರ ಇನ್ನೂ ಖಾಲಿ ಬರುತ್ತಿದೆ. ಇನ್ನು ಕೆಲವು ಕಡೆ ಸಪೋರ್ಟ್‌ನವರು ಮೂರನ್ನೂ ಸೇರಿಸಿ ಒಂದು ಸಾರಾಂಶ ಬರೆದು ಇಶ್ಯೂಗೆ ಅಂಟಿಸುತ್ತಾರೆ: "ಪಿಡಿಎಫ್ ಡೌನ್‌ಲೋಡ್ ಸಮಸ್ಯೆ, ಹಲವು ಗ್ರಾಹಕರು." ಹಲವು ಅಂದರೆ ಎಷ್ಟು? ಯಾರು? ಅದಕ್ಕಿಂತ ಹೆಚ್ಚಾಗಿ, "ತಿಂಗಳ ಕೊನೆಗೆ ಮಾತ್ರ" ಅನ್ನುವ ಸುಳಿವು ಹೋಯಿತು. ಬಗ್‌ನ ಮೂಲ ತೋರಿಸುತ್ತಿದ್ದದ್ದೇ ಆ ಮೂರು ಪದಗಳು.

ಒಳ್ಳೆಯ ವ್ಯವಸ್ಥೆಯಲ್ಲಿ ಮೂರು ದೂರುಗಳೂ ಅವರವರ ಮಾತಿನಲ್ಲೇ ಉಳಿಯುತ್ತವೆ, ಒಂದೇ ಇಶ್ಯೂಗೆ ಜೋಡಣೆಯಾಗುತ್ತವೆ, ಇಶ್ಯೂ ಮುಗಿಯುವವರೆಗೆ ತೆರೆದೇ ಇರುತ್ತವೆ. ಗ್ರಾಹಕರ ದೂರು ನೋಡಿಕೊಳ್ಳುವ ಟೂಲ್ ಆದ ಜೆನ್‌ಡೆಸ್ಕ್‌ನಲ್ಲಿ ಇದಕ್ಕೆ ನೇರ ಏರ್ಪಾಡು ಇದೆ. ಮೂಲ ಟಿಕೆಟ್‌ಗೆ "ಪ್ರಾಬ್ಲಮ್" ಅಂತ, ಅದಕ್ಕೆ ಸೇರಿದ ಗ್ರಾಹಕರ ಟಿಕೆಟ್‌ಗಳಿಗೆ "ಇನ್ಸಿಡೆಂಟ್" ಅಂತ ವಿಧ ಕೊಡಬಹುದು. ಪ್ರಾಬ್ಲಮ್ ಬಗೆಹರಿದರೆ ಅದರ ಕೆಳಗಿನ ಇನ್ಸಿಡೆಂಟ್‌ಗಳೆಲ್ಲ ತಾವಾಗಿಯೇ ಬಗೆಹರಿದ ಸ್ಥಿತಿಗೆ ಹೋಗುತ್ತವೆ. ನೀವು ನೋಡುತ್ತಿರುವ ಟೂಲ್‌ನಲ್ಲಿ ಇದೇ ಕೆಲಸ ಹೇಗೆ ಆಗುತ್ತದೆ ಅಂತ ಡೆಮೋ ಕೊಡುವವರನ್ನು ಮೊದಲು ಕೇಳಿ. ಉತ್ತರ ತಡವರಿಸಿದರೆ ಅಲ್ಲೇ ಗೊತ್ತಾಗುತ್ತದೆ.

ಮತ ಹಾಕಿಸುವುದು: ಸುಲಭ, ಆದರೆ ಏನು ಎಣಿಸುತ್ತಿದ್ದೀರಿ?

ಗ್ರಾಹಕರ ಅಭಿಪ್ರಾಯ ಅಂದ ತಕ್ಷಣ ಎಲ್ಲ ಟೂಲ್‌ನವರೂ ತೋರಿಸುವುದು ವೋಟಿಂಗ್. ಇದರ ಇತಿಹಾಸ ಸ್ವಲ್ಪ ನೋಡಿದರೆ ಏನು ಕೆಲಸ ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದು ಅರ್ಥವಾಗುತ್ತದೆ.

1998ರಲ್ಲಿ ಮೊಜಿಲ್ಲಾ ಯೋಜನೆಯ ಜೊತೆ ಹೊರಬಂದ ಬಗ್‌ಜಿಲ್ಲಾದಲ್ಲಿ ಮತ ಹಾಕುವ ವ್ಯವಸ್ಥೆಗೆ ಒಂದು ಜಾಣ ಮಿತಿ ಇತ್ತು. ಒಬ್ಬ ಬಳಕೆದಾರನಿಗೆ ಒಂದು ಪ್ರಾಡಕ್ಟ್‌ನಲ್ಲಿ ಇಷ್ಟೇ ಮತ ಅಂತ ಅಡ್ಮಿನ್ ನಿಗದಿ ಮಾಡಬಹುದು. ಒಂದೇ ಬಗ್‌ಗೆ ಗರಿಷ್ಠ ಎಷ್ಟು ಅಂತಲೂ ಹೇಳಬಹುದು. ಇಷ್ಟು ಮತ ಬಿದ್ದರೆ ಖಚಿತವಾಗದ ಬಗ್ ತಾನಾಗಿಯೇ ಖಚಿತ ಅಂತ ಬದಲಾಗಲಿ ಅನ್ನುವ ಆಯ್ಕೆಯೂ ಇದೆ. ಕೈಯಲ್ಲಿ ಇರುವುದು ಹತ್ತೇ ಮತ ಅಂದಾಗ ಜನ ಯೋಚಿಸಿ ಹಾಕುತ್ತಾರೆ, ಅಲ್ವಾ? ಇವತ್ತಿನ ಎಷ್ಟೋ ಟೂಲ್‌ಗಳಲ್ಲಿ ಈ ಮಿತಿಯೇ ಇಲ್ಲ. ಕಂಡಿದ್ದಕ್ಕೆಲ್ಲ ಮತ ಒತ್ತಬಹುದು.

ಡೆವಲಪರ್‌ಗಳು ಕೋಡ್ ಇಡುವ ಜಾಗವಾದ ಗಿಟ್‌ಹಬ್‌ನಲ್ಲಿ ಇದರ ಉಲ್ಟಾ ಕಥೆ. ಅಲ್ಲಿ ತುಂಬಾ ದಿನ ಮತ ಹಾಕುವ ದಾರಿಯೇ ಇರಲಿಲ್ಲ. ಜನ ಪ್ರತಿ ಇಶ್ಯೂ ಕೆಳಗೆ "+1" ಅಂತ ಕಾಮೆಂಟ್ ಹಾಕುತ್ತಿದ್ದರು, ಆ ಇಶ್ಯೂ ಹಿಂಬಾಲಿಸುವ ಎಲ್ಲರಿಗೂ ಮೇಲ್ ಹೋಗುತ್ತಿತ್ತು. 2016ರ ಜನವರಿಯಲ್ಲಿ ದೊಡ್ಡ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತವಾಗಿರುವ) ಯೋಜನೆಗಳನ್ನು ನೋಡಿಕೊಳ್ಳುವವರು ಸೇರಿ ಗಿಟ್‌ಹಬ್‌ಗೆ ಬಹಿರಂಗ ಪತ್ರ ಬರೆದರು. ಅದರಲ್ಲಿದ್ದ ದೂರುಗಳಲ್ಲಿ ಇದೂ ಒಂದು. ಅದೇ ವರ್ಷ ಮಾರ್ಚ್‌ನಲ್ಲಿ ರಿಯಾಕ್ಷನ್ ಎಮೋಜಿಗಳು ಬಂದವು. ಈಗ ಹೆಬ್ಬೆರಳಿನ ಲೆಕ್ಕದಲ್ಲಿ ಇಶ್ಯೂಗಳನ್ನು ಜಾಸ್ತಿಯಿಂದ ಕಮ್ಮಿಗೆ ಜೋಡಿಸಬಹುದು. ಓಪನ್ ಸೋರ್ಸ್‌ಗೆ ಅಷ್ಟು ಸಾಕು.

ವ್ಯಾಪಾರದ ಸಾಫ್ಟ್‌ವೇರ್‌ಗೆ ಅಷ್ಟು ಸಾಲದು. ಒಂದು ಬೇಡಿಕೆಗೆ 40 ಮತ ಬಿದ್ದಿದೆ, ಎಲ್ಲರೂ ಉಚಿತ ಪ್ಲಾನ್‌ನವರು. ಇನ್ನೊಂದಕ್ಕೆ 3 ಮತ, ಮೂವರೂ ಒಪ್ಪಂದ ನವೀಕರಿಸುವ ಹೊಸ್ತಿಲಲ್ಲಿರುವ ದೊಡ್ಡ ಗ್ರಾಹಕರು. ಯಾವುದು ಮೊದಲು? ಉತ್ತರ ನಿಮ್ಮ ವ್ಯಾಪಾರಕ್ಕೆ ಬಿಟ್ಟದ್ದು. ಆದರೆ 40 ಮತ್ತು 3 ಅನ್ನುವ ಸಂಖ್ಯೆ ಮಾತ್ರ ಕೊಡುವ ಟೂಲ್‌ನಲ್ಲಿ ಆ ಪ್ರಶ್ನೆ ಏಳುವುದೇ ಇಲ್ಲ. ಯಾರು ಮತ ಹಾಕಿದರು, ಅವರು ಯಾವ ಕಂಪನಿ, ಯಾವ ಪ್ಲಾನ್ ಅಂತ ವರದಿಯಲ್ಲಿ ತೆಗೆಯಲು ಬರುತ್ತದಾ ಅನ್ನುವುದನ್ನು ನೋಡಿ.

ಇನ್ನೊಂದು ವಿಷಯ. ಮುಂದೆ ವಿವರವಾಗಿ ನೋಡುವ ಜೀರಾ ಟ್ರ್ಯಾಕರ್‌ನಲ್ಲಿ ಮತ ಹಾಕಲು ಲಾಗಿನ್ ಬೇಕು, ತಾನೇ ತೆರೆದ ಇಶ್ಯೂಗೆ ತಾನೇ ಮತ ಹಾಕಲು ಆಗುವುದಿಲ್ಲ. ಹಾಗಾಗಿ ಸೊನ್ನೆ ಮತ ಅಂದರೆ ಯಾರಿಗೂ ಬೇಡ ಅಂತ ಅರ್ಥವಲ್ಲ, ಕನಿಷ್ಠ ಒಬ್ಬರಿಗೆ ಬೇಕಾಗಿದೆ. ಸಣ್ಣ ವಿಷಯ ಅನಿಸಬಹುದು. ಆದರೆ "ಸೊನ್ನೆ ಮತದ್ದನ್ನೆಲ್ಲ ಮುಚ್ಚಿಬಿಡೋಣ" ಅನ್ನುವ ವಾರ್ಷಿಕ ಸಫಾಯಿಯಲ್ಲಿ ಇಂಥವೇ ಹೋಗಿಬಿಡುತ್ತವೆ.

ಜೀರಾ: ಎಲ್ಲ ಇದೆ, ಹುಡುಕಿಕೊಳ್ಳಬೇಕು

ಅಟ್ಲಾಸಿಯನ್ 2002ರಲ್ಲಿ ತಂದ ಜೀರಾ ಈಗ ಒಂದು ಟೂಲ್ ಅಲ್ಲ, ಒಂದು ಕುಟುಂಬ. ಡೆವಲಪರ್‌ಗಳಿಗೆ ಜೀರಾ, ಗ್ರಾಹಕರ ಪೋರ್ಟಲ್‌ಗೆ ಜೀರಾ ಸರ್ವಿಸ್ ಮ್ಯಾನೇಜ್‌ಮೆಂಟ್, ಐಡಿಯಾಗಳನ್ನು ತೂಗಿ ನೋಡಲು ಜೀರಾ ಪ್ರಾಡಕ್ಟ್ ಡಿಸ್ಕವರಿ. ಗ್ರಾಹಕರು ಸರ್ವಿಸ್ ಮ್ಯಾನೇಜ್‌ಮೆಂಟ್‌ನ ಪೋರ್ಟಲ್ ಅಥವಾ ಮೇಲ್ ಮೂಲಕ ಬರೆಯುತ್ತಾರೆ, ಅದನ್ನು ಡೆವಲಪರ್ ಪ್ರಾಜೆಕ್ಟ್‌ನ ಇಶ್ಯೂಗೆ ಲಿಂಕ್ ಮಾಡಬಹುದು. ಕೆಲಸ ಮುಗಿದ ಮೇಲೆ 1ರಿಂದ 5 ಸ್ಟಾರ್ ಕೇಳುವ ಮೇಲ್ ಹೋಗುತ್ತದೆ, ಅದರ ವರದಿಯೂ ಒಳಗೇ ಇದೆ. ಅಭಿಪ್ರಾಯ ಸಂಗ್ರಹದ ಮಟ್ಟಿಗೆ ಕೊರತೆ ಇಲ್ಲ.

ವರದಿ ವಿಷಯಕ್ಕೆ ಬಂದರೆ ಜೆಕ್ಯೂಎಲ್ ಅನ್ನುವ ಹುಡುಕಾಟದ ಭಾಷೆ ಜೀರಾದ ಬೆನ್ನೆಲುಬು. ಯಾವ ಫೀಲ್ಡ್‌ನಲ್ಲಿ (ಮಾಹಿತಿ ತುಂಬುವ ಖಾನೆಯಲ್ಲಿ) ಏನಿದೆ, ಯಾವ ದಿನಾಂಕದ ನಂತರ, ಯಾರ ಹೆಸರಲ್ಲಿ, ಎಲ್ಲವನ್ನೂ ಕೇಳಬಹುದು. ಆದರೆ ಅದು ಹುಡುಕುವ ಭಾಷೆ, ಲೆಕ್ಕದ ಭಾಷೆ ಅಲ್ಲ. "ಗ್ರಾಹಕರ ಪ್ರಕಾರ ಗುಂಪು ಮಾಡಿ ಎಣಿಸು" ಅಂತ ಅದರಲ್ಲಿ ಬರೆಯಲು ಬರುವುದಿಲ್ಲ. ಎಣಿಕೆಗೆ ಡ್ಯಾಶ್‌ಬೋರ್ಡ್ ಗ್ಯಾಜೆಟ್ ಬಳಸಬೇಕು. ಎರಡು ಫೀಲ್ಡ್‌ಗಳನ್ನು ಅಡ್ಡ ಉದ್ದ ಇಟ್ಟು ತೋರಿಸುವ ಗ್ಯಾಜೆಟ್ ತುಂಬಾ ಉಪಯುಕ್ತ. ಅದಕ್ಕೂ ಮೀರಿದ್ದು ಬೇಕಾದರೆ ಮಾರ್ಕೆಟ್‌ಪ್ಲೇಸ್‌ನಿಂದ ಬೇರೆ ಆ್ಯಪ್ ಕೊಳ್ಳಬೇಕು.

ಇನ್ನೊಂದು ಮಿತಿ ಇದೆ, ಅದನ್ನು ಮಾರುವವರು ಯಾರೂ ಹೇಳುವುದಿಲ್ಲ. "ಮೊದಲು ಹೀಗಿತ್ತು, ಆಮೇಲೆ ಬದಲಾಯಿತು" ಅಂತ ಹಳೆಯ ಸ್ಥಿತಿಯನ್ನು ಕೇಳುವ ಸೌಲಭ್ಯ ಜೆಕ್ಯೂಎಲ್‌ನಲ್ಲಿ ಇದೆ, ಆದರೆ ಕೆಲವೇ ಫೀಲ್ಡ್‌ಗಳಿಗೆ: ಸ್ಟೇಟಸ್, ಅಸೈನೀ, ಪ್ರಯಾರಿಟಿ, ರೆಸಲ್ಯೂಷನ್ ಇಂಥವಕ್ಕೆ. ನೀವೇ ಮಾಡಿಕೊಂಡ ಕಸ್ಟಮ್ ಫೀಲ್ಡ್‌ಗೆ ಇಲ್ಲ. "ಗ್ರಾಹಕರ ಮೇಲಿನ ಪರಿಣಾಮ" ಅನ್ನುವ ಫೀಲ್ಡ್ ಮಾಡಿ, ಕಳೆದ ತಿಂಗಳು ಅದು ಕಮ್ಮಿಯಿಂದ ಜಾಸ್ತಿಗೆ ಏರಿದ ಇಶ್ಯೂ ಯಾವುವು ಅಂತ ಕೇಳಿದರೆ ಸರ್ಚ್ ಕೈಚೆಲ್ಲುತ್ತದೆ. ಮಾಹಿತಿ ಪ್ರತಿ ಇಶ್ಯೂನ ಹಿಸ್ಟರಿ ಟ್ಯಾಬ್‌ನಲ್ಲಿ ಇರುತ್ತದೆ. ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಡೇಟಾ ಕೇಳುವ ದಾರಿ) ಮೂಲಕ ಎಳೆದು ಹೊರಗೆ ಲೆಕ್ಕ ಹಾಕಬೇಕು.

ಜೀರಾ ಬಳಸುವ ಯಾರಿಗಾದರೂ ನಾನು ಮೊದಲು ನೋಡಿ ಅನ್ನುವುದು ರೆಸಲ್ಯೂಷನ್ ಫೀಲ್ಡ್, ಅಂದರೆ ಇಶ್ಯೂ ಹೇಗೆ ಬಗೆಹರಿಯಿತು ಅಂತ ಬರೆಯುವ ಖಾನೆ. ಕಾರ್ಡ್ "ಡನ್" ಕಾಲಮ್‌ಗೆ ಹೋದರೂ ಈ ಫೀಲ್ಡ್ ತುಂಬದೆ ಉಳಿದರೆ, ವರದಿಯಲ್ಲಿ ಆ ಇಶ್ಯೂ ಇನ್ನೂ ಬಗೆಹರಿದಿಲ್ಲ. ಉಲ್ಟಾ ಕೂಡ ಆಗುತ್ತದೆ. ಗ್ರಾಹಕರು "ಇನ್ನೂ ಸರಿ ಆಗಿಲ್ಲ" ಅಂದಾಗ ಇಶ್ಯೂ ಮತ್ತೆ ತೆರೆಯುತ್ತಾರೆ, ಆದರೆ ವರ್ಕ್‌ಫ್ಲೋದಲ್ಲಿ (ಇಶ್ಯೂ ಸಾಗುವ ಹಂತಗಳ ನಿಯಮದಲ್ಲಿ) ರೆಸಲ್ಯೂಷನ್ ಖಾಲಿ ಮಾಡುವ ನಿಯಮ ಹಾಕಿರುವುದಿಲ್ಲ. ಬೋರ್ಡ್ ಮೇಲೆ ಕೆಲಸ ನಡೆಯುತ್ತಿದೆ, ವರದಿಯಲ್ಲಿ ಅದು ಮುಗಿದೇ ಹೋಗಿದೆ. ಹೊಸದೆಷ್ಟು ಬಂತು, ಮುಗಿದದ್ದೆಷ್ಟು ಅಂತ ತೋರಿಸುವ ಆ ಪ್ರಸಿದ್ಧ ಕೆಂಪು ಹಸಿರು ಚಾರ್ಟ್ ನಿಂತಿರುವುದು ಈ ಫೀಲ್ಡ್ ಮೇಲೆ. ಚಾರ್ಟ್ ನಂಬುವ ಮೊದಲು ಇದನ್ನು ಪರೀಕ್ಷಿಸಿ.

ಸ್ವಂತ ಸರ್ವರ್‌ನಲ್ಲೇ ಇಟ್ಟುಕೊಳ್ಳಬೇಕು ಅನ್ನುವವರು ಒಂದು ವಿಷಯ ನೆನಪಿಡಿ: ಜೀರಾ ಸರ್ವರ್ ಆವೃತ್ತಿಗೆ ಬೆಂಬಲ 2024ರ ಫೆಬ್ರವರಿ 15ಕ್ಕೆ ನಿಂತಿದೆ. ಹಳೆಯ ಲೇಖನಗಳಲ್ಲಿ ಇನ್ನೂ ಅದನ್ನು ಶಿಫಾರಸು ಮಾಡಿರುವುದು ಕಣ್ಣಿಗೆ ಬೀಳುತ್ತದೆ.

ರೆಡ್‌ಮೈನ್: ಒರಟು, ಆದರೆ ಡೇಟಾ ನಿಮ್ಮದು

2006ರಿಂದ ಇರುವ ರೆಡ್‌ಮೈನ್ ನೋಡಲು ಹಳೆಯದು ಅನಿಸುತ್ತದೆ, ನಿಜ. ಗ್ರಾಹಕರ ಮೇಲ್‌ನಿಂದ ಇಶ್ಯೂ ತೆರೆಸಬಹುದು. ಅಕೌಂಟ್ ಇಲ್ಲದವರಿಂದ ಮೇಲ್ ಬಂದರೆ ಬಿಡಬೇಕಾ, ಅನಾಮಿಕ ಅಂತ ತೆಗೆದುಕೊಳ್ಳಬೇಕಾ, ಹೊಸ ಅಕೌಂಟ್ ಮಾಡಬೇಕಾ ಅಂತ ನೀವೇ ತೀರ್ಮಾನಿಸಬಹುದು. ಆದರೆ ಗ್ರಾಹಕರಿಗೆ ಅಂದದ ಪೋರ್ಟಲ್, ಸ್ಟಾರ್ ಕೊಡುವ ಮೇಲ್, ಇದೆಲ್ಲ ಮೂಲ ಟೂಲ್‌ನಲ್ಲಿ ಇಲ್ಲ. ಪ್ಲಗಿನ್ (ಟೂಲ್‌ಗೆ ಸೇರಿಸುವ ಹೆಚ್ಚುವರಿ ಭಾಗ) ಹುಡುಕಬೇಕು. ಪ್ಲಗಿನ್ ಅಂದ ಮೇಲೆ ಹೊಸ ಆವೃತ್ತಿ ಬಂದಾಗಲೆಲ್ಲ ಅದು ಹೊಂದುತ್ತದಾ ಅಂತ ನೋಡುವ ತಲೆನೋವು ಇದ್ದದ್ದೇ.

ಒಳಗೇ ಸಿಗುವ ವರದಿಗಳೂ ಸಾಧಾರಣ. ಕ್ವೆರಿ ಉಳಿಸಿಕೊಳ್ಳಬಹುದು, ಒಂದು ಕಾಲಮ್ ಪ್ರಕಾರ ಗುಂಪು ಮಾಡಬಹುದು, ಸಂಖ್ಯೆಗಳ ಮೊತ್ತ ನೋಡಬಹುದು, ಸಿಎಸ್‌ವಿ ಅನ್ನುವ ಸರಳ ಪಟ್ಟಿ ಫೈಲ್‌ಗೆ ಇಳಿಸಿಕೊಳ್ಳಬಹುದು. ಇಷ್ಟಾದರೂ ನನಗೆ ರೆಡ್‌ಮೈನ್ ಮೇಲೆ ಸ್ವಲ್ಪ ಪಕ್ಷಪಾತ ಇದೆ. ಕಾರಣ ಅದರ ಡೇಟಾಬೇಸ್. ಅದು ನಿಮ್ಮ ಸರ್ವರ್‌ನಲ್ಲೇ ಇರುತ್ತದೆ. ಯಾವ ಫೀಲ್ಡ್ ಯಾವಾಗ ಏನಿಂದ ಏನಕ್ಕೆ ಬದಲಾಯಿತು ಅನ್ನುವುದು ಜರ್ನಲ್ ಟೇಬಲ್‌ಗಳಲ್ಲಿ ಹಳೆಯ ಮೌಲ್ಯ, ಹೊಸ ಮೌಲ್ಯ ಅಂತ ಸಾಲು ಸಾಲಾಗಿ ಕೂತಿದೆ, ಕಸ್ಟಮ್ ಫೀಲ್ಡ್‌ನದ್ದೂ ಸೇರಿ. ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ಬರುವ ಒಬ್ಬರು ತಂಡದಲ್ಲಿ ಇದ್ದರೆ ಮೆಟಾಬೇಸ್ ಅಥವಾ ಗ್ರಫಾನಾ ಥರದ ಚಾರ್ಟ್ ಟೂಲ್ ಜೋಡಿಸಿ, ದುಬಾರಿ ಟೂಲ್‌ನಲ್ಲೂ ಸಿಗದ ವರದಿ ತೆಗೆಯಬಹುದು. ಅಂಥವರು ಇಲ್ಲದಿದ್ದರೆ ರೆಡ್‌ಮೈನ್ ಬೇಡ. ಸುಮ್ನೆ ಉಚಿತ ಅಂತ ಹಾಕಿಕೊಂಡರೆ ವರದಿಯೂ ಇಲ್ಲ, ಪೋರ್ಟಲ್ಲೂ ಇಲ್ಲ ಅನ್ನುವ ಸ್ಥಿತಿ ಆಗುತ್ತದೆ.

ಹಾಗೆ ಜೋಡಿಸುವಾಗ ಮೂಲ ಡೇಟಾಬೇಸ್‌ಗೆ ನೇರವಾಗಿ ಕೈ ಹಾಕಬೇಡಿ. ಓದಲು ಮಾತ್ರ ಅನುಮತಿ ಇರುವ ಅಕೌಂಟ್ ಬಳಸಿ, ಅದೂ ಡೇಟಾಬೇಸ್‌ನ ಒಂದು ಪ್ರತಿಯ ಮೇಲೆ.

ಗಿಟ್‌ಹಬ್, ಗಿಟ್‌ಲ್ಯಾಬ್

ಕೋಡ್ ಇರುವ ಜಾಗದಲ್ಲೇ ಇಶ್ಯೂ ಇರಲಿ ಅನ್ನುವವರಿಗೆ ಇವು. ಗಿಟ್‌ಹಬ್‌ನ ತೊಂದರೆ ಅಂದರೆ ಗ್ರಾಹಕರಿಗೂ ಅಲ್ಲಿ ಅಕೌಂಟ್ ಬೇಕು. ಡೆವಲಪರ್‌ಗಳೇ ಗ್ರಾಹಕರಾಗಿದ್ದರೆ ಸರಿ. ಆಸ್ಪತ್ರೆಯ ಕೌಂಟರ್‌ನಲ್ಲಿ ಕೂತವರು ನಿಮ್ಮ ಸಾಫ್ಟ್‌ವೇರ್ ಬಳಸುತ್ತಾರೆ ಅಂದರೆ ಅವರಿಗೆ ಗಿಟ್‌ಹಬ್ ಲಿಂಕ್ ಕೊಟ್ಟು ಪ್ರಯೋಜನ ಇಲ್ಲ. ಪ್ರಾಜೆಕ್ಟ್ಸ್ ಭಾಗದಲ್ಲಿ ಚಾರ್ಟ್‌ಗಳಿವೆ, ತಂಡದ ಒಳಗಿನ ಬಳಕೆಗೆ ನಡೆಯುತ್ತದೆ.

ಗಿಟ್‌ಲ್ಯಾಬ್‌ನಲ್ಲಿ ಸರ್ವಿಸ್ ಡೆಸ್ಕ್ ಅಂತ ಇದೆ. ಪ್ರಾಜೆಕ್ಟ್‌ಗೆ ಒಂದು ಮೇಲ್ ವಿಳಾಸ ಸಿಗುತ್ತದೆ, ಅಲ್ಲಿಗೆ ಗ್ರಾಹಕರು ಬರೆದರೆ ಇಶ್ಯೂ ತೆರೆಯುತ್ತದೆ, ನೀವು ಕಾಮೆಂಟ್ ಹಾಕಿದರೆ ಅವರಿಗೆ ಮೇಲ್ ಆಗಿ ಹೋಗುತ್ತದೆ. ಅಕೌಂಟ್ ಬೇಕಿಲ್ಲ. ಇದು ನಿಜಕ್ಕೂ ಒಳ್ಳೆಯದು. ಆದರೆ ಹುಷಾರು: ಡೆವಲಪರ್ ತನ್ನ ಸಹೋದ್ಯೋಗಿಗೆ ಅಂತ ಬರೆದ "ಇದನ್ನ ಯಾರು ಬರೆದದ್ದು ಮಾರಾಯ್ರೇ" ಅನ್ನುವ ಕಾಮೆಂಟ್ ಕೂಡ ಗ್ರಾಹಕರ ಇನ್‌ಬಾಕ್ಸ್‌ಗೆ ಹೋಗುತ್ತದೆ. ಒಳಗಿನ ಮಾತಿಗೆ ಇಂಟರ್ನಲ್ ನೋಟ್ ಅಂತ ಬೇರೆ ಇದೆ. ಅದನ್ನು ಬಳಸುವ ಅಭ್ಯಾಸ ಮೊದಲ ದಿನವೇ ಮಾಡಿಸಿ.

ಯೂಟ್ರ್ಯಾಕ್ ಮತ್ತು ಲೀನಿಯರ್

ಜೆಟ್‌ಬ್ರೈನ್ಸ್‌ನ ಯೂಟ್ರ್ಯಾಕ್‌ನಲ್ಲಿ ಹೆಲ್ಪ್‌ಡೆಸ್ಕ್ ಪ್ರಾಜೆಕ್ಟ್ ಮತ್ತು ಡೆವಲಪರ್ ಪ್ರಾಜೆಕ್ಟ್ ಎರಡೂ ಒಂದೇ ಟೂಲ್ ಒಳಗೆ ಬರುತ್ತವೆ. ಎರಡು ಫೀಲ್ಡ್‌ಗಳ ಅಡ್ಡ ಉದ್ದ ವರದಿ, ಕ್ಯುಮುಲೇಟಿವ್ ಫ್ಲೋ (ಪ್ರತಿ ಹಂತದಲ್ಲಿ ಎಷ್ಟು ಇಶ್ಯೂ ಇವೆ ಅಂತ ದಿನದಿಂದ ದಿನಕ್ಕೆ ತೋರಿಸುವ ಚಾರ್ಟ್), ಸಮಯದ ವರದಿ ಇವೆಲ್ಲ ಬೇರೆ ಆ್ಯಪ್ ಕೊಳ್ಳದೆ ಸಿಗುತ್ತವೆ. ಮಧ್ಯಮ ಗಾತ್ರದ ತಂಡಕ್ಕೆ ಜೀರಾ ಭಾರ ಅನಿಸಿದರೆ ನಾನು ಮೊದಲು ಹೇಳುವ ಹೆಸರು ಇದು.

ಲೀನಿಯರ್ ವೇಗಕ್ಕೆ ಹೆಸರಾದದ್ದು. ಈ ಲೇಖನದ ಮಟ್ಟಿಗೆ ಅದರಲ್ಲಿ ಮುಖ್ಯವಾದದ್ದು ಕಸ್ಟಮರ್ ರಿಕ್ವೆಸ್ಟ್ಸ್. ಸಪೋರ್ಟ್ ಟೂಲ್‌ನಲ್ಲಿ ಬಂದ ಗ್ರಾಹಕರ ಮಾತನ್ನು ಹಾಗೆಯೇ ಇಶ್ಯೂಗೆ ಜೋಡಿಸಬಹುದು, ಆ ಗ್ರಾಹಕರ ಗಾತ್ರ, ಪ್ಲಾನ್, ಆದಾಯದ ವಿವರ ಜೊತೆಯಲ್ಲೇ ಇರುತ್ತದೆ. ಮೇಲೆ ಹೇಳಿದ 40 ಮತ್ತು 3ರ ಪ್ರಶ್ನೆಯನ್ನು ಅದು ನೇರವಾಗಿ ಎದುರಿಸುತ್ತದೆ. ಕೊರತೆ ಏನೆಂದರೆ, ಅದು ತನ್ನದೇ ರೀತಿಯಲ್ಲಿ ಕೆಲಸ ಮಾಡಿ ಅನ್ನುತ್ತದೆ. ನಿಮ್ಮ ಹತ್ತಾರು ಕಸ್ಟಮ್ ಫೀಲ್ಡ್‌ಗಳಿಗೆ ಅಲ್ಲಿ ಜಾಗ ಇಲ್ಲ, ಲೇಬಲ್‌ಗಳಲ್ಲೇ ಹೊಂದಿಸಿಕೊಳ್ಳಬೇಕು. ಯಾವ ಸೌಲಭ್ಯ ಯಾವ ಪ್ಲಾನ್‌ನಲ್ಲಿದೆ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಿ.

ಎರಡು ಟೂಲ್ ಇಟ್ಟುಕೊಳ್ಳುವುದು

ಗ್ರಾಹಕರಿಗೆ ಒಂದು ಹೆಲ್ಪ್‌ಡೆಸ್ಕ್ ಅಥವಾ ಕ್ಯಾನಿ, ಯೂಸರ್‌ವಾಯ್ಸ್ ಥರದ ಫೀಡ್‌ಬ್ಯಾಕ್ ಬೋರ್ಡ್, ಡೆವಲಪರ್‌ಗಳಿಗೆ ಬೇರೆ ಟ್ರ್ಯಾಕರ್. ದೊಡ್ಡ ಸಪೋರ್ಟ್ ತಂಡ ಇದ್ದರೆ ಇದೇ ಸರಿ. ಡೆವಲಪರ್‌ಗಳ ಟೂಲ್‌ನಲ್ಲಿ ಸಪೋರ್ಟ್‌ನವರು ಒದ್ದಾಡುವುದು ತಪ್ಪುತ್ತದೆ. ಬೋರ್ಡ್‌ನಲ್ಲಿ ಸ್ಥಿತಿ ಬದಲಾಯಿಸಿದರೆ ಮತ ಹಾಕಿದ ಎಲ್ಲರಿಗೂ ಮೇಲ್ ಹೋಗುವುದು ದೊಡ್ಡ ಅನುಕೂಲ. "ಅವರಿಗೆ ತಿಳಿಸಿದ್ದೀವಾ?" ಅನ್ನುವ ಪ್ರಶ್ನೆ ತಾನಾಗಿಯೇ ಬಗೆಹರಿಯಿತು.

ಬೆಲೆ ತೆರಬೇಕಾದದ್ದು ವರದಿಯಲ್ಲಿ. ಗ್ರಾಹಕ ಒಂದು ಕಡೆ, ಇಶ್ಯೂ ಇನ್ನೊಂದು ಕಡೆ. ನಡುವೆ ಇರುವ ಜೋಡಣೆ ಎರಡೂ ಕಡೆಗೆ ಏನನ್ನು ಸಾಗಿಸುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬರೀ ಲಿಂಕ್ ಸಾಗುತ್ತದಾ, ಕಂಪನಿ ಹೆಸರು ಸಾಗುತ್ತದಾ, ಟ್ರ್ಯಾಕರ್‌ನಲ್ಲಿ ಇಶ್ಯೂ ಮತ್ತೆ ತೆರೆದರೆ ಆ ಕಡೆ ಗೊತ್ತಾಗುತ್ತದಾ? ಕೊನೆಯದನ್ನು ಡೆಮೋದಲ್ಲಿ ಮಾಡಿಸಿ ನೋಡಿ. ಮುಂದಕ್ಕೆ ಹೋಗುವುದು ಎಲ್ಲ ಕಡೆ ಚೆನ್ನಾಗಿರುತ್ತದೆ, ಹಿಂದಕ್ಕೆ ಬರುವಾಗಲೇ ಕೈ ಕೊಡುವುದು.

ವರದಿಯಲ್ಲಿ ಏನು ಕೇಳಬೇಕು

ಯಾವ ಟೂಲ್ ಆದರೂ ಡ್ಯಾಶ್‌ಬೋರ್ಡ್‌ನಲ್ಲಿ ಮೊದಲು ಹಾಕುವುದು "ಸರಾಸರಿ ಪರಿಹಾರ ಸಮಯ". ನಾನಾದರೆ ಮೊದಲು ತೆಗೆಯುವುದು ಅದನ್ನೇ. ಹತ್ತು ಇಶ್ಯೂಗಳಲ್ಲಿ ಒಂಬತ್ತು 2 ದಿನದಲ್ಲಿ ಮುಗಿದವು, ಒಂದು 82 ದಿನ ತೆಗೆದುಕೊಂಡಿತು ಅಂದುಕೊಳ್ಳಿ. ಸರಾಸರಿ 10 ದಿನ. ಹತ್ತು ದಿನ ಕಾದ ಗ್ರಾಹಕ ಒಬ್ಬರೂ ಇಲ್ಲ! ಕಮ್ಮಿಯಿಂದ ಜಾಸ್ತಿಗೆ ಜೋಡಿಸಿದಾಗ ನಡುವೆ ಬರುವ ಸಂಖ್ಯೆ, ಅಂದರೆ ಮೀಡಿಯನ್, 2 ದಿನ ಅನ್ನುತ್ತದೆ. ಅದು ಹೆಚ್ಚಿನವರ ಅನುಭವ. ಇನ್ನು ಆ 82 ದಿನದ್ದನ್ನು ಹೆಸರು ಹಿಡಿದು ಪಟ್ಟಿಯಲ್ಲಿ ನೋಡಬೇಕು, ಲೆಕ್ಕದಲ್ಲಿ ಕರಗಿಸಬಾರದು. ಹಾಗಾಗಿ ಟೂಲ್ ಮೀಡಿಯನ್ ಮತ್ತು ಪರ್ಸೆಂಟೈಲ್ (ನೂರರಲ್ಲಿ ಇಷ್ಟು ಇಶ್ಯೂ ಇಷ್ಟು ದಿನದೊಳಗೆ ಮುಗಿದವು ಅನ್ನುವ ಲೆಕ್ಕ) ಕೊಡುತ್ತದಾ ಅಂತ ಕೇಳಿ. ಸರಾಸರಿ ಮಾತ್ರ ಕೊಡುವಂಥವು ಇನ್ನೂ ಇವೆ.

ಗಡಿಯಾರ ಯಾವಾಗ ನಿಲ್ಲುತ್ತದೆ ಅನ್ನುವುದನ್ನೂ ನೋಡಿ. "ಗ್ರಾಹಕರ ಉತ್ತರಕ್ಕೆ ಕಾಯುತ್ತಿದ್ದೇವೆ" ಅನ್ನುವ ಸ್ಥಿತಿಯಲ್ಲಿ ಎಸ್‌ಎಲ್‌ಎ (ಇಷ್ಟು ಹೊತ್ತಿನೊಳಗೆ ಸರಿ ಮಾಡುತ್ತೇವೆ ಅನ್ನುವ ಮಾತು) ಗಡಿಯಾರ ನಿಲ್ಲಿಸುವುದು ನ್ಯಾಯವೇ. ಆದರೆ ಒತ್ತಡ ಬಂದಾಗ ಟಿಕೆಟ್‌ಗಳನ್ನು ಅಲ್ಲಿ ನಿಲ್ಲಿಸುವ ಚಾಳಿ ಶುರುವಾಗುತ್ತದೆ. ಗ್ರಾಹಕರಿಗೆ ಒಂದು ಅರ್ಥವಿಲ್ಲದ ಪ್ರಶ್ನೆ ಕಳಿಸಿದರೆ ಆಯಿತು, ಗಡಿಯಾರ ಬಂದ್. ಪ್ರತಿ ಸ್ಥಿತಿಯಲ್ಲಿ ಟಿಕೆಟ್ ಎಷ್ಟು ಹೊತ್ತು ಇತ್ತು ಅನ್ನುವ ವರದಿ ತೆಗೆಯಲು ಬಂದರೆ ಇದು ತಕ್ಷಣ ಕಾಣುತ್ತದೆ.

ಸ್ಟಾರ್ ರೇಟಿಂಗ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ತುಂಬಾ ಖುಷಿಯಾದವರು, ತುಂಬಾ ಸಿಟ್ಟಾದವರು ಒತ್ತುತ್ತಾರೆ, ಮಧ್ಯದವರು ಮೇಲ್ ತೆರೆಯುವುದೇ ಇಲ್ಲ. ಎನ್‌ಪಿಎಸ್ (ನೆಟ್ ಪ್ರಮೋಟರ್ ಸ್ಕೋರ್) ಅಂತೂ ಇಲ್ಲಿಗೆ ಹೊಂದುವುದಿಲ್ಲ. 2003ರಲ್ಲಿ ಅದು ಬಂದದ್ದು ಇಡೀ ಕಂಪನಿಯನ್ನು ಬೇರೆಯವರಿಗೆ ಶಿಫಾರಸು ಮಾಡುತ್ತೀರಾ ಅಂತ 0ಯಿಂದ 10ರ ಅಳತೆಯಲ್ಲಿ ಕೇಳಲು, ಒಂದು ಬಗ್ ಸರಿಯಾದ ಬಗ್ಗೆ ಕೇಳಲು ಅಲ್ಲ. ಅದರ ಬದಲು ಮುಚ್ಚಿದ ಒಂದು ವಾರದೊಳಗೆ ಮತ್ತೆ ತೆರೆದ ಇಶ್ಯೂಗಳ ಪ್ರಮಾಣ ನೋಡಿ. ಗ್ರಾಹಕರು ಸಮೀಕ್ಷೆ ತುಂಬದಿದ್ದರೂ ತೊಂದರೆ ಉಳಿದಿದ್ದರೆ ವಾಪಸ್ ಬಂದೇ ಬರುತ್ತಾರೆ. ಇದಕ್ಕೆ ಸ್ಥಿತಿ ಬದಲಾವಣೆಯ ಇತಿಹಾಸದ ಮೇಲೆ ವರದಿ ತೆಗೆಯಲು ಬರಬೇಕು. ಇವತ್ತಿನ ಸ್ಥಿತಿ ಮಾತ್ರ ತೋರಿಸುವ ಟೂಲ್‌ನಲ್ಲಿ ಸಿಗುವುದಿಲ್ಲ.

ಇನ್ನು ಕಸ್ಟಮ್ ಫೀಲ್ಡ್. "ಎಷ್ಟು ಬೇಕಾದರೂ ಮಾಡಿಕೊಳ್ಳಿ" ಅನ್ನುವುದನ್ನು ಸೌಲಭ್ಯ ಅಂತ ತಿಳಿಯಬೇಡಿ. ಫೋನ್ ಒಂದು ಕಿವಿಯಲ್ಲಿ, ಮುಂದಿನ ಗ್ರಾಹಕರು ಲೈನ್‌ನಲ್ಲಿ, ಆಗ ಸಪೋರ್ಟ್‌ನವರು ಹದಿನೈದು ಫೀಲ್ಡ್ ತುಂಬುವುದಿಲ್ಲ. ಡ್ರಾಪ್‌ಡೌನ್‌ನ ಮೊದಲ ಆಯ್ಕೆ ಒತ್ತಿ ಮುಂದೆ ಹೋಗುತ್ತಾರೆ. ಆಮೇಲೆ ವರದಿಯಲ್ಲಿ ಅಕ್ಷರಮಾಲೆಯ ಮೊದಲ ಕಾರಣವೇ ಅತಿ ದೊಡ್ಡ ಕಾರಣವಾಗಿ ಕಾಣುತ್ತದೆ. ಗ್ರಾಹಕ ಯಾರು, ಉತ್ಪನ್ನದ ಯಾವ ಭಾಗ, ಕೆಲಸ ನಿಂತಿದೆಯೋ ಇಲ್ಲವೋ. ಇಷ್ಟು ಮೂರು ಕಡ್ಡಾಯ ಮಾಡಿದರೆ ಸಾಕು. ಉಳಿದದ್ದನ್ನು ಟೂಲ್ ತಾನೇ ತುಂಬಿಕೊಳ್ಳಲಿ ಅಥವಾ ಆಮೇಲೆ ಇನ್ನೊಬ್ಬರು ಕೂತು ತುಂಬಲಿ.

ಹಾಗಾದರೆ ಯಾವುದು?

ಸಪೋರ್ಟ್ ಮತ್ತು ಡೆವಲಪರ್‌ಗಳು ಒಂದೇ ಸಣ್ಣ ತಂಡ, ಗ್ರಾಹಕರು ಕಂಪನಿಗಳು ಅಂದರೆ ಲೀನಿಯರ್ ಅಥವಾ ಯೂಟ್ರ್ಯಾಕ್ ಎರಡನ್ನೂ ಟ್ರಯಲ್ ಮಾಡಿ. ಬೇರೆ ಬೇರೆ ಇಲಾಖೆ, ಅನುಮತಿಗಳು, ಆಡಿಟ್ ಇದೆ ಅಂದರೆ ಜೀರಾ ಬಿಟ್ಟು ದೂರ ಹೋಗುವುದು ಕಷ್ಟ, ಆದರೆ ಅಡ್ಮಿನ್ ಒಬ್ಬರನ್ನು ಅದಕ್ಕಾಗಿಯೇ ಇಡಬೇಕಾಗುತ್ತದೆ. ಡೇಟಾ ಹೊರಗೆ ಹೋಗಬಾರದು, ಎಸ್‌ಕ್ಯೂಎಲ್ ಬರುತ್ತದೆ ಅಂದರೆ ರೆಡ್‌ಮೈನ್. ಗಿಟ್‌ಲ್ಯಾಬ್ ಈಗಾಗಲೇ ಬಳಸುತ್ತಿದ್ದು ತಿಂಗಳಿಗೆ ಬೆರಳೆಣಿಕೆಯ ದೂರು ಬರುವುದಾದರೆ ಹೊಸ ಟೂಲ್ ಕೊಳ್ಳಲೇಬೇಡಿ, ಸರ್ವಿಸ್ ಡೆಸ್ಕ್ ಸಾಕು. ದಿನಕ್ಕೆ ನೂರಾರು ಟಿಕೆಟ್ ಬರುವ ಕಡೆ ಮಾತ್ರ ಹೆಲ್ಪ್‌ಡೆಸ್ಕ್ ಬೇರೆ, ಟ್ರ್ಯಾಕರ್ ಬೇರೆ.

ಟ್ರಯಲ್ ಮಾಡುವಾಗ ಅವರು ತುಂಬಿಕೊಟ್ಟ ಮಾದರಿ ಡೇಟಾ ಬಳಸಬೇಡಿ. ಅದರಲ್ಲಿ ಎಲ್ಲ ಚಾರ್ಟ್‌ಗಳೂ ಚಂದವಾಗಿಯೇ ಕಾಣುತ್ತವೆ. ನಿಮ್ಮದೇ ಹಳೆಯ 50 ದೂರುಗಳನ್ನು ತೆಗೆದುಕೊಳ್ಳಿ. ಅದರಲ್ಲಿ ಡೂಪ್ಲಿಕೇಟ್‌ಗಳಿರಲಿ, ಮತ್ತೆ ತೆರೆದವು ಇರಲಿ, ಕನ್ನಡ ಇಂಗ್ಲಿಷ್ ಬೆರೆಸಿ ಬರೆದವೂ ಇರಲಿ. ಆಯ್ಕೆಯಾದ ಎರಡು ಟೂಲ್‌ಗಳಿಗೂ ಹಾಕಿ, ಯಾರು ದಿನಾ ಬಳಸುತ್ತಾರೋ ಅವರ ಕೈಯಲ್ಲೇ ವರದಿ ತೆಗೆಸಿ. ಮಾರುವವರ ಕೈಯಲ್ಲಿ ಬೇಡ.

ಕೊನೆಗೆ ಎಲ್ಲವನ್ನೂ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ. ಕಾಮೆಂಟ್ ಬಂತಾ, ಅಟ್ಯಾಚ್‌ಮೆಂಟ್ ಬಂತಾ, ಬದಲಾವಣೆಯ ಇತಿಹಾಸ ಬಂತಾ, ಗ್ರಾಹಕರ ಜೊತೆಗಿನ ಜೋಡಣೆ ಬಂತಾ ಅಂತ ಒಂದೊಂದಾಗಿ ನೋಡಿ. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಸುಮ್ಮನೆ ಎರಡು ಸಲ ಕ್ಲಿಕ್ ಮಾಡಿ ತೆರೆದಾಗ ಕನ್ನಡ ಅಕ್ಷರಗಳ ಜಾಗದಲ್ಲಿ ಚಿತ್ರವಿಚಿತ್ರ ಗುರುತುಗಳು ಕಂಡರೆ ಗಾಬರಿ ಬೇಡ, ಡೇಟಾ ಕೆಟ್ಟಿಲ್ಲ. ಅದು ಯುಟಿಎಫ್-8 (ಕನ್ನಡದಂಥ ಲಿಪಿಗಳನ್ನೂ ಫೈಲ್‌ನಲ್ಲಿ ಬರೆದಿಡುವ ವಿಧಾನ) ಅಂತ ಎಕ್ಸೆಲ್‌ಗೆ ಗೊತ್ತಾಗಿಲ್ಲ ಅಷ್ಟೇ. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಅಲ್ಲಿ ಯುಟಿಎಫ್-8 ಆರಿಸಿದರೆ ಸರಿಯಾಗುತ್ತದೆ.